ಐವತ್ತೈದು ಟನ್ನಿನ ಹಾದಿ

ವಿಜಯಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನಮ್ಮ ಕಡೆಯ ಹುಡುಗರು ಶಾಲೆಯ ಟ್ರಿಪ್ಪಿನಲ್ಲಿ ಒಂದು ಸಲವಾದರೂ ನೋಡಿರುತ್ತಾರೆ. ಬಾಯಿ ತೆರೆದ ಸಿಂಹದ ಮುಖ, ಅದರ ಹಲ್ಲಿಗೆ ಸಿಕ್ಕ ಆನೆ, ಬಿಸಿಲಿನಲ್ಲೂ ತಣ್ಣಗಿರುತ್ತದೆ ಎಂದು ಹೆಸರಾದ ಮೈ. ಗೈಡು ಮೊದಲು ಹೇಳುವುದು ಮಾತ್ರ ತೂಕದ ಮಾತು: 55 ಟನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಪರಾಂಡಾ ಕೋಟೆಯಲ್ಲಿದ್ದದ್ದು, 1632ರಲ್ಲಿ ಆದಿಲ್‌ಶಾಹಿಗಳ ಕೈಗೆ ಬಂದು ಇಲ್ಲಿಗೆ ಎಳೆಸಿಕೊಂಡು ಬಂದದ್ದು. ನಾನೂರು ಎತ್ತು, ಹತ್ತು ಆನೆ, ನೂರಾರು ಆಳು ಎಂಬುದು ಜನರ ಬಾಯಲ್ಲಿ ಉಳಿದ ಲೆಕ್ಕ. ಪರಾಂಡಾದಿಂದ ಬರುವವರು ಭೀಮೆಯನ್ನು ದಾಟಲೇಬೇಕು, ದಾಟಿದ ಮೇಲೆ ಎರಿ ಭೂಮಿ ತುಳಿಯಲೇಬೇಕು. ಬ್ರಿಟಿಷರು ಇದನ್ನು ವಿಲಾಯತಿಗೆ ಒಯ್ಯುವ ವಿಚಾರ ಮಾಡಿದ್ದರಂತೆ, ಸಮುದ್ರದವರೆಗಿನ ಹಾದಿಯ ಗತಿ ಕೇಳಿ ಸುಮ್ಮನಾದರಂತೆ.

ಈ 55 ಎಂಬ ಅಂಕಿ ನನಗೆ ಮತ್ತೆ ಎದುರಾದದ್ದು 2018ರಲ್ಲಿ. ಆ ವರ್ಷ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಲಾರಿಗಳು ಹೊರಬಹುದಾದ ತೂಕವನ್ನು ಹೆಚ್ಚಿಸಿತು. 1983ರಿಂದ ಬದಲಾಗದೆ ಇದ್ದ ಮಿತಿ ಅದು. ನಾಲ್ಕು ಟೈರಿರುವ ಒಂದು ಅಚ್ಚಿನ ಮೇಲೆ, ಅಂದರೆ ಆಕ್ಸಲ್ ಮೇಲೆ, 10.2 ಟನ್ ಇದ್ದದ್ದು 11.5 ಆಯಿತು. ಜೋಡಿ ಅಚ್ಚಿಗೆ 19 ಇದ್ದದ್ದು 21 ಆಯಿತು. ಲಾರಿ ಮತ್ತು ಅದರ ಮೇಲಿನ ಮಾಲು ಕೂಡಿ ಅತಿ ಹೆಚ್ಚೆಂದರೆ 49 ಟನ್ ಎಂದಿದ್ದದ್ದು 55 ಟನ್ ಆಯಿತು. ಎರಡು ವರ್ಷಕ್ಕೆ ಉದ್ದದ ಮಿತಿಯೂ ಸಡಿಲವಾಗಿ, ನಿಗದಿಪಡಿಸಿದ ಮಾರ್ಗಗಳಲ್ಲಿ 25.25 ಮೀಟರ್ ಉದ್ದದ ‘ರೋಡ್ ಟ್ರೇನ್’ ಓಡಬಹುದು ಎಂದಾಯಿತು. ಆದಿಲ್‌ಶಾಹಿ ಕಾಲದಲ್ಲಿ ಒಂದು ದೊಡ್ಡ ರಾಜ್ಯ ಮೈಕೈ ಹಾಕಿ ಒಮ್ಮೆ ಎಳೆದು ತಂದ ತೂಕವನ್ನು ಇವತ್ತು ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಸೇರಿ ರಾತ್ರೋರಾತ್ರಿ ಭೀಮೆ ದಾಟಿಸಬಹುದು, ಅದೂ ಕಾನೂನಿನೊಳಗೇ. ಇದು ಸಣ್ಣ ಸಾಧನೆಯಲ್ಲ. ಭಾರದ ಲಾರಿಯನ್ನು ಕಂಡ ಕೂಡಲೇ ಶಾಪ ಹಾಕುವವರ ಪೈಕಿ ನಾನಲ್ಲ. ಯಾಕಲ್ಲ ಅನ್ನುವುದಕ್ಕೆ ಈ ಜಿಲ್ಲೆಯ ಚರಿತ್ರೆಯೇ ಕಾರಣ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲೂಕುಗಳ ನೆಲ ಹೆಚ್ಚಾಗಿ ಎರಿ ನೆಲ. ಬ್ಯಾಸಗಿಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಒಂದೊಂದು ಕಾಲಿಗೆ ಒಂದೊಂದು ಸೇರು ಮಣ್ಣು. ಬಿಳಿಜೋಳಕ್ಕೆ ಇಂಥ ನೆಲ ಇನ್ನೊಂದಿಲ್ಲ, ಗಾಲಿಗೆ ಇಂಥ ವೈರಿ ಇನ್ನೊಂದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಚಕ್ಕಡಿ ಕೊಟ್ಟಿಗೆಯಲ್ಲೇ ಇರುತ್ತಿತ್ತು ಎಂದರೆ ಅದು ಸೋಮಾರಿತನವಲ್ಲ, ನೆಲದ ಕಾನೂನು. ಗಾಡಿ ಹೋಗದ ಕಡೆ ಹೇರೆತ್ತು ಹೋಗುತ್ತಿತ್ತು. ಲಂಬಾಣಿಗರು ಸಾಲು ಸಾಲು ಎತ್ತುಗಳ ಬೆನ್ನ ಮೇಲೆ ಕಾಳು, ಉಪ್ಪು ಹೇರಿಕೊಂಡು ಶತಮಾನಗಳ ಕಾಲ ಈ ಸೀಮೆಯಲ್ಲಿ ತಿರುಗಿದರು. ಇವತ್ತಿಗೂ ಜಿಲ್ಲೆಯ ತುಂಬ ತಾಂಡಾಗಳಿರುವುದಕ್ಕೂ ಆ ತಿರುಗಾಟಕ್ಕೂ ಸಂಬಂಧವಿದೆ.

ಭಾರಕ್ಕೆ ತಕ್ಕ ಹಣ ಎಂಬ ವಿಚಾರವೂ ಇಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಗೊತ್ತಿರುತ್ತದೆ. ದೇವಸ್ಥಾನಕ್ಕೆ ದತ್ತಿ ಬಿಡುವ ವರ್ತಕರು ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ಕಲ್ಲಿನ ಮೇಲೆ ಬರೆಸುತ್ತಿದ್ದರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಆಸುಪಾಸಿನ ವ್ಯಾಪಾರ ನಡೆದದ್ದೂ ಈ ಲೆಕ್ಕದಲ್ಲೇ. ಹಾದಿಯ ಮೇಲೆ ಎಷ್ಟು ಹೇರುತ್ತೀರೋ ಅಷ್ಟು ಕೊಡಿ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಈಗ 1876ಕ್ಕೆ ಬರೋಣ. ಧಾತು ಸಂವತ್ಸರ. ಆಗ ಜಿಲ್ಲೆಯ ಹೆಸರು ಕಲಾದಗಿ, ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು. ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಕಾಳು ದೇಶದಲ್ಲೇ ಇರಲಿಲ್ಲವೇ ಅಂದರೆ, ಇತ್ತು. ಮುಂಬೈಯಿಂದ ಸೊಲ್ಲಾಪುರ, ಕಲಬುರ್ಗಿ, ರಾಯಚೂರಿನ ಮೇಲೆ ಮದ್ರಾಸಿಗೆ ಹೋಗುವ ರೈಲು ಹಾದಿ 1871ಕ್ಕೇ ಪೂರ್ತಿಯಾಗಿತ್ತು. ಸೊಲ್ಲಾಪುರದವರೆಗೆ ಚೀಲ ಬರುತ್ತಿದ್ದವು. ಅಲ್ಲಿಂದ ಈಚೆಗೆ ತರಬೇಕಾದದ್ದು ಎತ್ತು. ಬರಗಾಲದಲ್ಲಿ ಎತ್ತಿಗೆ ಮೇವು ಎಲ್ಲಿಂದ? ನೀರು ಎಲ್ಲಿಂದ? ಒಂದು ಜೋಡಿ ಎತ್ತು ದಿನಕ್ಕೆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ನಡೆಯುತ್ತದೆ, ಎಳೆಯುವುದು ಅರ್ಧ ಟನ್ನಿನಿಂದ ಒಂದು ಟನ್. ಹೋಗಿ ಬರುವ ಹಾದಿಗೆ ಬೇಕಾದ ಮೇವನ್ನೂ ಅದೇ ಗಾಡಿಯಲ್ಲಿ ಹೇರಬೇಕು. ಹಾದಿ ಉದ್ದವಾದಷ್ಟೂ ಕಾಳಿನ ಜಾಗವನ್ನು ಹೊಟ್ಟು ತಿನ್ನುತ್ತಾ ಹೋಗುತ್ತದೆ. ಕಡೆಗೆ ಎತ್ತೇ ಸತ್ತರೆ ಗಾಡಿ ಬರೀ ಕಟ್ಟಿಗೆ. 1872 ಮತ್ತು 1881ರ ಜನಗಣತಿಗಳ ನಡುವೆ ಈ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. ಸತ್ತವರು, ಗುಳೆ ಹೋಗಿ ತಿರುಗಿ ಬಾರದವರು, ಹುಟ್ಟಬೇಕಾಗಿದ್ದು ಹುಟ್ಟದವರು, ಎಲ್ಲ ಸೇರಿ. ಐದು ಮಂದಿ ಕೂತ ಪಂಕ್ತಿಯಲ್ಲಿ ಒಬ್ಬರ ತಾಟು ಖಾಲಿ ಎಂದು ಕಲ್ಪಿಸಿಕೊಳ್ಳಿ. ಅದಕ್ಕೆ ಮಳೆ ಎಷ್ಟು ಕಾರಣವೋ ಭಾರ ಹೊರುವ ದಾರಿ ಇಲ್ಲದ್ದೂ ಅಷ್ಟೇ ಕಾರಣ.

ಆ ಬರದ ಪರಿಹಾರ ಕಾಮಗಾರಿಯಾಗಿ ಜನ ಕೂಲಿಗೆ ಖಡಿ ಒಡೆದರು, ರಸ್ತೆಗೆ ಮಣ್ಣು ಹೊತ್ತರು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿದ್ದೂ ಬರಗಾಲ ತಡೆಯುವ ಹಾದಿ ಹಾಕುವ ಸಲುವಾಗಿಯೇ. ಆ ದಶಕದ ನಡುವಿನ ಹೊತ್ತಿಗೆ ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ರೈಲು ಓಡತೊಡಗಿತು. ಜಿಲ್ಲಾ ಕೇಂದ್ರವೂ 1885ರಲ್ಲಿ ಕಲಾದಗಿ ಬಿಟ್ಟು ರೈಲು ಬಂದ ವಿಜಯಪುರಕ್ಕೆ ಬಂತು.

ಆದರೆ ಆ ಹಾದಿಯ ಸ್ಟೇಷನ್‌ಗಳ ಹೆಸರು ನೋಡ್ರಿ. ‘ಇಂಡಿ ರೋಡ್’. ‘ಬಸವನ ಬಾಗೇವಾಡಿ ರೋಡ್’. ರೈಲ್ವೆಯವರ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ರೋಡ್ ಅಂತ ಬಂತಂದರ ಊರು ಅಲ್ಲಿಲ್ಲ ಅಂತ ಅರ್ಥ. ಇಲ್ಲಿ ಇಳೀರಿ, ಮುಂದ ನಿಮ್ಮ ವ್ಯವಸ್ಥೆ ನೀವು ಮಾಡ್ಕೋರಿ ಅಂತ. ಸಿಂದಗಿ, ಮುದ್ದೇಬಿಹಾಳಕ್ಕೆ ಆ ರೋಡ್ ಎಂಬ ಬಾಲವೂ ಸಿಗಲಿಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ರೈಲು ಬೇಕು ಎಂಬ ಬೇಡಿಕೆಯನ್ನು ತಲೆಮಾರುಗಳಿಂದ ಕೇಳುತ್ತಿದ್ದೇವೆ. ಅಂದರೆ ನಮ್ಮ ನಾಲ್ಕು ತಾಲೂಕು ಕೇಂದ್ರಗಳಲ್ಲಿ ಎರಡಕ್ಕೆ ರೈಲು ಊರ ಹೊರಗೆ, ಇನ್ನೆರಡಕ್ಕೆ ಇಲ್ಲವೇ ಇಲ್ಲ. ಏನು ಬಂದರೂ, ಏನು ಹೋದರೂ, ಎರಿ ಮಣ್ಣಿನ ಮೇಲೆ ಹಾಕಿದ ರಸ್ತೆಯ ಮೇಲೇ.

ಇಂಥ ಸೀಮೆಗೆ ಮೋಟಾರು ಲಾರಿ ಬಂದಾಗ ಸರ್ಕಾರ ಅದನ್ನು ಹೇಗೆ ನೋಡಿತು ಎನ್ನುವುದೊಂದು ತಮಾಷೆ. 1930ರ ದಶಕದ ಆರಂಭದಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ರಸ್ತೆ-ರೈಲು ಪೈಪೋಟಿಯ ಬಗ್ಗೆ ವರದಿ ಕೊಟ್ಟರು. ರೈಲಿನಲ್ಲಿ ಸರ್ಕಾರದ ದುಡ್ಡು ಸಿಕ್ಕಿಕೊಂಡಿತ್ತು. ಲಾರಿಗಳು ರೈಲಿನ ಗಿರಾಕಿಗಳನ್ನು ಕಸಿಯುತ್ತಿವೆ ಎಂಬ ಚಿಂತೆ ಶುರುವಾಗಿತ್ತು. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್ಟು, ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಇಂಥಾ ಸೀಮೆಯೊಳಗೆ ಮಾತ್ರ ಓಡಬೇಕೆಂಬ ಕಟ್ಟುಪಾಡು ಬಂದದ್ದರ ಹಿಂದೆ ಈ ಚಿಂತೆಯೂ ಇತ್ತು. ರೈಲನ್ನು ಲಾರಿಯಿಂದ ಕಾಪಾಡಬೇಕು! ಸಿಂದಗಿಯಲ್ಲಿ ಕಾಪಾಡುವುದಕ್ಕೆ ರೈಲೇ ಇರಲಿಲ್ಲ. ದಿಲ್ಲಿಯಲ್ಲಿ ಕೂತು ಇಡೀ ದೇಶಕ್ಕೆ ಒಂದೇ ಅಳತೆಯ ಅಂಗಿ ಹೊಲಿಯುವ ಚಾಳಿ ಅವತ್ತಿನಿಂದಲೂ ಇದೆ.

ಅದೇ ಕಾಲದಲ್ಲಿ ರಸ್ತೆ ಎಂಜಿನಿಯರರು ಬೇರೆ ಒಂದು ಜಗಳದಲ್ಲಿದ್ದರು. ಅವರ ಪಾಲಿಗೆ ರಸ್ತೆಯ ಶತ್ರು ಲಾರಿಯಲ್ಲ, ಎತ್ತಿನ ಗಾಡಿ. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಅದರ ಆರಂಭದ ವರ್ಷಗಳ ಚರ್ಚೆಗಳಲ್ಲಿ ಗಾಡಿಯ ಕಬ್ಬಿಣದ ಹಳಿ ಮತ್ತೆ ಮತ್ತೆ ಬರುತ್ತದೆ. ಬಡಿಗೇರ ಮಾಡಿದ ಕಟ್ಟಿಗೆಯ ಗಾಲಿಗೆ ಕಂಬಾರ ಕೆಂಪಗೆ ಕಾಸಿ ತೊಡಿಸಿದ ಬಳೆ ಅದು, ಎರಡು ಬೆರಳಿನ ಅಗಲ. ಗಾಡಿಯ ಇಡೀ ಭಾರ ಆ ಎರಡೆರಡು ಬೆರಳಿನ ಮೇಲೆ ನಿಲ್ಲುತ್ತದೆ. ಖಡಿ ಹಾಸಿ, ನೀರು ಹೊಡೆದು, ರೋಲರ್ ಉರುಳಿಸಿ ಮಾಡಿದ ರಸ್ತೆಯನ್ನು ಅದು ಚಾಕುವಿನ ಹಾಗೆ ಸೀಳುತ್ತಿತ್ತು. ಗಾಡಿಯವನ ಮೇಲೆ ತೆರಿಗೆ ಹಾಕಿ, ಹಳಿಯ ಅಗಲ ನಿಗದಿ ಮಾಡಿ, ಗಾಡಿಗೇ ಬೇರೆ ದಾರಿ ಮಾಡಿ ಎಂದೆಲ್ಲ ಸಲಹೆಗಳು ಬಂದವು. ಕಡೆಗೆ ಜಗಳ ಕಮ್ಮಿಯಾದದ್ದು ಯಾವುದರಿಂದ? ರಬ್ಬರಿನಿಂದ. ಗಾಳಿ ತುಂಬಿದ ಟೈರಿನ ಗಾಡಿ ಬಂತು. ಎಷ್ಟೋ ಊರುಗಳಲ್ಲಿ ಅದಕ್ಕೆ ಡನ್‌ಲಪ್ ಗಾಡಿ ಎಂದೇ ಹೆಸರಾಯಿತು. ಅದೇ ಎತ್ತು ಹೆಚ್ಚು ಭಾರ ಎಳೆಯಿತು, ರಸ್ತೆಗೆ ಆಗುವ ಗಾಯ ಕಡಿಮೆಯಾಯಿತು. ಭಾರ ಹೆಚ್ಚಿತು, ಹಾನಿ ಇಳಿಯಿತು. ಬೆಂಗಳೂರಿನ ಐಐಎಂ ಕಟ್ಟಿದ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಇದನ್ನೇ ಪಟ್ಟು ಹಿಡಿದು ಹೇಳುತ್ತಿದ್ದರು: ದೇಶದ ಒಂದೂವರೆ ಕೋಟಿ ಎತ್ತಿನ ಗಾಡಿಗಳನ್ನು ಹಳೇ ಕಾಲದ ವಸ್ತು ಎಂದು ನಗಬೇಡಿ, ಅವುಗಳ ಗಾಲಿ ಸುಧಾರಿಸಿ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ನಿರ್ದೇಶಕರು ಎತ್ತಿನ ಕೊರಳಿನ ಹುಣ್ಣಿನ ಬಗ್ಗೆ ಮಾತಾಡುತ್ತಾರಲ್ಲ ಎಂದು ಆಗ ಕೆಲವರಿಗೆ ವಿಚಿತ್ರ ಎನಿಸಿತ್ತು. ನನಗೆ ಅವರ ಮೇಲೆ ದೊಡ್ಡ ಗೌರವ.

ಹಳಿ ಕಲಿಸುವ ಪಾಠವನ್ನು ಅಮೆರಿಕದವರು ಸಾವಿರಾರು ಕೋಟಿ ವೆಚ್ಚದ ಹೆದ್ದಾರಿಗಳನ್ನು ಕಟ್ಟುವ ಕಾಲದಲ್ಲಿ ಲೆಕ್ಕ ಹಾಕಿ ತೋರಿಸಿದರು. 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಹತ್ತಿರ ಸುತ್ತು ರಸ್ತೆಗಳನ್ನು ಹಾಕಿ, ಸೈನಿಕರ ಕೈಯಲ್ಲಿ ಬೇರೆ ಬೇರೆ ಭಾರದ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿದರು. ಎಲ್ಲಿ ಬಿರುಕು ಬಿಟ್ಟಿತು, ಎಲ್ಲಿ ಕುಸಿಯಿತು ಎಂದು ಅಳೆದರು. ಅಲ್ಲಿಂದ ಹೊರಟ ಸೂತ್ರವನ್ನು ಇವತ್ತಿಗೂ ಜಗತ್ತಿನ ಎಂಜಿನಿಯರರು ಬಳಸುತ್ತಾರೆ: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ನಾಲ್ಕನೇ ಘಾತ ಎನ್ನುತ್ತಾರೆ. ನಮ್ಮಲ್ಲಿ ರಸ್ತೆಯ ಲೆಕ್ಕಕ್ಕೆ 8.16 ಟನ್ನಿನ ಅಚ್ಚನ್ನು ಒಂದು ಎಂದು ಹಿಡಿಯುತ್ತಾರೆ. ಹಳೇ ಮಿತಿಯ 10.2 ಟನ್ನಿನ ಅಚ್ಚು ಒಂದು ಸಲ ಹಾದುಹೋದರೆ ಅಂಥ ಎರಡೂವರೆ ಅಚ್ಚು ಹೋದ ಹಾಗೆ. 2018ರ ಮಿತಿಯ 11.5 ಟನ್ ಹಾದುಹೋದರೆ ನಾಲ್ಕು ಅಚ್ಚು ಹೋದ ಹಾಗೆ. ಭಾರ ಹೆಚ್ಚಿದ್ದು ಶೇ 13, ಸವೆತ ಹೆಚ್ಚಿದ್ದು ಶೇ 60ಕ್ಕೂ ಮೇಲೆ. ಇದು ಕಾನೂನು ಪಾಲಿಸುವ ಲಾರಿಯ ಮಾತು. ಅದೇ ಆರು ಗಾಲಿಯ ಲಾರಿಯ ಹಿಂದಿನ ಅಚ್ಚಿನ ಮೇಲೆ 15 ಟನ್ ಕೂರಿಸಿದರೆ ಹನ್ನೊಂದು ಅಚ್ಚು ಹೋದ ಹಾಗೆ. ನಿಮ್ಮ-ನಮ್ಮ ಕಾರು ಈ ಲೆಕ್ಕದಲ್ಲಿ ಸೊಳ್ಳೆಯೂ ಅಲ್ಲ.

ಆದ್ದರಿಂದ ಒಟ್ಟು 55 ಟನ್ ಎಂಬುದು ಹೆದರಬೇಕಾದ ಅಂಕಿ ಅಲ್ಲ. ಅದು ಎಷ್ಟು ಅಚ್ಚಿನ ಮೇಲೆ ಹಂಚಿದೆ ಎಂಬುದೇ ಪ್ರಶ್ನೆ. ಇಪ್ಪತ್ತೆರಡು ಗಾಲಿಯ ಉದ್ದನೆಯ ಲಾರಿ ನೋಡುವುದಕ್ಕೆ ರಾಕ್ಷಸನ ಹಾಗಿದ್ದರೂ, ಮಿತಿಯೊಳಗೆ ಹೇರಿದ್ದರೆ, ಮಿತಿ ಮೀರಿದ ಆರು ಗಾಲಿಯ ಲಾರಿಗಿಂತ ರಸ್ತೆಗೆ ಸಾಧು. ಈ ಮಾತು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ಕಣ್ಣಿಗೆ ಕಾಣುವುದು ಉದ್ದ, ರಸ್ತೆಗೆ ತಾಗುವುದು ಅಚ್ಚು.

ಇನ್ನೊಂದು ಸಂಗತಿ. ಒಟ್ಟಾವಾದಲ್ಲಿ ಪರೀಕ್ಷೆ ಮಾಡಿದವರು ರಸ್ತೆಯ ಅಡಿಗೆ ಒಂದೇ ಬಗೆಯ ಮಣ್ಣನ್ನು ಆರಿಸಿ, ಹದಮಾಡಿ, ಸಮನಾಗಿ ದಮ್ಮಸು ಮಾಡಿ ಕೂರಿಸಿದ್ದರು. ನಮ್ಮಲ್ಲಿ ಅಡಿಗೆ ಇರುವುದು ಎರಿ. ಪುಡಿಗಲ್ಲಿನ ತಾಳಿಕೆಯನ್ನು ನೂರು ಎಂದು ಹಿಡಿದರೆ ನೀರು ಕುಡಿದ ಎರಿ ಮಣ್ಣಿನದು ಎರಡೋ ಮೂರೋ. ಅದಕ್ಕೇ ನಮ್ಮ ಕಡೆ ಒಳ್ಳೇ ರಸ್ತೆ ಮಾಡಬೇಕಂದರೆ ಎರಿ ತೆಗೆದು ಹಾಕಿ, ಇಲ್ಲವೇ ಸುಣ್ಣ ಬೆರೆಸಿ, ದಪ್ಪಗೆ ಗರಸು ಹಾಕಿ, ಅದರ ಮೇಲೆ ಖಡಿ ಹಾಕಬೇಕು. ಹೆದ್ದಾರಿಯವರು ಮಾಡುತ್ತಾರೆ. ಸೊಲ್ಲಾಪುರ–ವಿಜಯಪುರ–ಹುಬ್ಬಳ್ಳಿಯ 52ನೇ ನಂಬರಿನ ಹೆದ್ದಾರಿ, ಕಲಬುರ್ಗಿಯಿಂದ ಸಿಂದಗಿ ಮೇಲೆ ವಿಜಯಪುರಕ್ಕೆ ಬರುವ 50ನೇ ನಂಬರಿನ ಹೆದ್ದಾರಿ, ಇವುಗಳ ಮೇಲೆ ಭಾರ ಓಡಲಿ, ಟೋಲೂ ಕೊಡುತ್ತಾರೆ, ಅಚ್ಚಿನ ಲೆಕ್ಕದಲ್ಲೇ ಕೊಡುತ್ತಾರೆ. ಆದರೆ ಯಾವ ಮಾಲೂ ಹೆದ್ದಾರಿಯ ಮೇಲೆ ಬೆಳೆಯುವುದಿಲ್ಲವಲ್ಲ.

ನಮ್ಮ ಕಡೆಯ ಅಸಲು ಕಥೆ ಇಲ್ಲಿಂದ ಶುರು. ಜೋಳದ ಕಾಲದಲ್ಲಿ ಒಂದು ಎಕರೆ ಹೊಲ ರಸ್ತೆಗೆ ಹೇರುತ್ತಿದ್ದ ಭಾರ ಐದಾರು ಕ್ವಿಂಟಲ್. ಅದರಲ್ಲೂ ಅರ್ಧ ಮನೆಯ ಹಗೇವಿಗೆ ಹೋಗುತ್ತಿತ್ತು. ಮಿಕ್ಕದ್ದು ಚಕ್ಕಡಿಯಲ್ಲಿ ಪೇಟೆಗೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಕಲಾಂ ಅವರು ಅದನ್ನು ಲೋಕಾರ್ಪಣೆ ಮಾಡಿದರು. ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ ಬಂತು, ಮುಳವಾಡ ಏತ ನೀರಾವರಿ ಬಂತು, ಚಿಮ್ಮಲಗಿ ಬಂತು. ಭೀಮೆಯ ದಂಡೆಯಲ್ಲಿ ಪಂಪ್‌ಸೆಟ್ಟುಗಳು ಮೊದಲೇ ಇದ್ದವು. ನೀರು ಬಂದ ಕಡೆ ಕಬ್ಬು ಬಂತು. ಕಬ್ಬಿನ ಹಿಂದೆ ಕಾರ್ಖಾನೆ ಬಂದವು. ಇಂಡಿ ತಾಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಗಾಗಿ ರೈತರು ಎಷ್ಟು ವರ್ಷ ದಾರಿ ಕಾದರು ಎಂಬುದು ಆ ಕಡೆಯವರಿಗೆ ಗೊತ್ತು. ಅದರ ಜೊತೆಗೆ ಖಾಸಗಿಯವರೂ ಬಂದರು.

ಕಬ್ಬು ಒಂದು ಎಕರೆಗೆ ಮೂವತ್ತೈದು-ನಲವತ್ತು ಟನ್. ಐದಾರು ಕ್ವಿಂಟಲ್ ಎಲ್ಲಿ, ನಲವತ್ತು ಟನ್ ಎಲ್ಲಿ! ಅದೇ ಎಕರೆ, ಅದೇ ಹಾದಿ, ಭಾರ ಅರವತ್ತು-ಎಪ್ಪತ್ತು ಪಟ್ಟು. ಈ ನಲವತ್ತು ಟನ್ನಿನಲ್ಲಿ ಸಕ್ಕರೆಯಾಗಿ ಹೊರಬೀಳುವುದು ಹತ್ತರಲ್ಲೊಂದು ಪಾಲು. ಉಳಿದದ್ದರಲ್ಲಿ ಬಹುಪಾಲು ನೀರು. ಕಾಲುವೆಯಲ್ಲಿ ಹೊಲಕ್ಕೆ ಬಂದ ಕೃಷ್ಣೆಯ ನೀರನ್ನು ಕಬ್ಬಿನ ಗಣಿಕೆಯೊಳಗೆ ತುಂಬಿ, ಗಾಲಿಯ ಮೇಲೆ ಹೇರಿ, ಗ್ರಾಮ ಸಡಕಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದೇವೆ. ಕಾಲುವೆಗೆ ಎಂಜಿನಿಯರರು ಸಾವಿರಾರು ಕೋಟಿಯ ಯೋಜನೆ ಮಾಡಿದರು. ಕಾಲುವೆಯ ಇನ್ನೊಂದು ತುದಿಯಲ್ಲಿ ಶುರುವಾಗುವ ರಸ್ತೆಗೆ ಯಾರೂ ಯೋಜನೆ ಮಾಡಲಿಲ್ಲ. ಅದು ಜೋಳದ ಕಾಲದ್ದೇ ಉಳಿಯಿತು.

2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ನಮ್ಮ ಹಳ್ಳಿಗಳಿಗೆ ಡಾಂಬರು ಬಂದದ್ದು ನಿಜ, ಅದು ದೊಡ್ಡ ಉಪಕಾರ. ಬಸ್ಸು ಬಂತು, ಬಾಣಂತಿಯರಿಗೆ ಆಂಬುಲೆನ್ಸ್ ಬಂತು, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದರು. ಆದರೆ ಅಂಥ ಒಂಟಿ ದಾರಿಯ ಅಗಲ ಸಾಮಾನ್ಯವಾಗಿ 3.75 ಮೀಟರ್. ಲಾರಿಯ ಅಗಲ 2.6 ಮೀಟರಿನವರೆಗೆ ಇರಬಹುದು. ಎದುರಿನಿಂದ ಇನ್ನೊಂದು ಬಂದರೆ ಇಬ್ಬರಲ್ಲಿ ಒಬ್ಬರು, ಇಲ್ಲವೇ ಇಬ್ಬರೂ, ಒಂದೊಂದು ಸಾಲು ಗಾಲಿಯನ್ನು ಡಾಂಬರಿನಿಂದ ಕೆಳಗೆ ಇಳಿಸಲೇಬೇಕು. ಕೆಳಗಿರುವುದು ಎರಿ. ಇಳಿದ ಗಾಲಿ ಮೇಲೆ ಬರುವಾಗ ಡಾಂಬರಿನ ಅಂಚನ್ನು ರೊಟ್ಟಿಯ ಅಂಚು ಮುರಿದ ಹಾಗೆ ಮುರಿದುಕೊಂಡೇ ಬರುತ್ತದೆ. ಮುಂದಿನ ಮಳೆಗೆ ಆ ಮುರುಕಿನಿಂದ ನೀರು ಒಳಗೆ ಇಳಿಯುತ್ತದೆ. ಆಮೇಲಿನ ಕತೆ ನಿಮಗೇ ಗೊತ್ತು.

ಕಬ್ಬಿನ ಹಂಗಾಮಿನಲ್ಲಿ, ಅಂದರೆ ದೀಪಾವಳಿಯ ಹಿಂದೆಮುಂದೆ ಶುರುವಾಗಿ ಬ್ಯಾಸಗಿಯವರೆಗೆ, ಈ ದಾರಿಗಳ ಮೇಲೆ ಲಾರಿಗಿಂತ ಹೆಚ್ಚಾಗಿ ಕಾಣುವುದು ಟ್ರ್ಯಾಕ್ಟರ್. ಒಂದು ಎಂಜಿನ್ನಿನ ಹಿಂದೆ ಎರಡು ಟ್ರೇಲರ್. ಒಂದೊಂದರಲ್ಲಿ ಎಂಟು-ಹತ್ತು ಟನ್, ಕೆಲವೊಮ್ಮೆ ಅದಕ್ಕೂ ಮೇಲೆ. ಕಬ್ಬು ಎರಡೂ ಬದಿಗೆ ಚಾಚಿರುತ್ತದೆ, ಹಿಂದಿನ ದೀಪ ಇದ್ದರೂ ಅದರೊಳಗೆ ಮುಚ್ಚಿಹೋಗಿರುತ್ತದೆ. ಡ್ರೈವರಿಗೆ ಹಿಂದಿನದು ಕೇಳಿಸಬಾರದು ಎಂಬ ಹಾಗೆ ಟೇಪು. ಏರಿನಲ್ಲಿ ಮುಂದಿನ ಗಾಲಿ ಎದ್ದು ನಿಲ್ಲುತ್ತದೆ. ಊರೊಳಗೆ ಹುಡುಗರು ಹಿಂದೆ ಓಡಿ ಕಬ್ಬು ಜಗ್ಗುತ್ತಾರೆ. ಪ್ರತಿ ಹಂಗಾಮಿಗೂ ಪೊಲೀಸರು, ಆರ್‌ಟಿಒದವರು ಬಂದು ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೆಯ ಕೆಲಸವೇ. ಆದರೂ ಹಂಗಾಮಿನಲ್ಲಿ ಒಂದಾದರೂ ಅಪಘಾತದ ಸುದ್ದಿ ಇಲ್ಲದ ವಾರ ಕಡಿಮೆ. 2024ರ ಡಿಸೆಂಬರಿನಲ್ಲಿ ತಾಳಿಕೋಟೆ ತಾಲೂಕಿನ ಬಿಳೇಭಾವಿ ಕ್ರಾಸಿನ ಹತ್ತಿರ ಕಬ್ಬು ಕಟಾವು ಯಂತ್ರಕ್ಕೂ ಕಾರಿಗೂ ಡಿಕ್ಕಿಯಾಗಿ ಐದು ಮಂದಿ ಸತ್ತರು. ಗದ್ದೆಯಲ್ಲಿರಬೇಕಾದ ಯಂತ್ರಗಳೆಲ್ಲ ಈಗ ಸಾರ್ವಜನಿಕ ರಸ್ತೆಯ ಮೇಲೆ.

ಹಾಗಂತ ಟ್ರ್ಯಾಕ್ಟರಿನವನನ್ನು ಖಳನಾಯಕ ಮಾಡಿದರೆ ಸುಲಭವಾಗಿ ಕೈತೊಳೆದುಕೊಂಡ ಹಾಗೆ. ಸಿಂದಗಿ ಕಡೆಯ ಒಂದು ಚಹಾದಂಗಡಿಯಲ್ಲಿ ಅಂಥ ಒಬ್ಬನನ್ನು ಕೇಳಿದೆ. "ಯಾಕೋ ತಮ್ಮಾ, ಇಷ್ಟ ಹೇರ್ತೀರಿ? ಎಂಜಿನ್ ಸತ್ತು ಹೋಗಂಗಿಲ್ಲೇನು?" ಅವನು ನಕ್ಕ. "ಟನ್ನಿನ ಮ್ಯಾಲ ಬಾಡಿಗಿ ಕೊಡ್ತಾರ್ರೀ ಕಾಕಾ. ಕಾರ್ಖಾನಿ ಮುಂದ ಒಂದಿನ, ಎರಡು ದಿನ ಪಾಳೆ ಹಚ್ಚಿ ನಿಂದರಬೇಕು. ಸಂಜೀತನಾ ಒಂದ ಖೇಪು ಆಗೂದು ಖಾತ್ರಿ ಇಲ್ಲ. ಆ ಒಂದ ಖೇಪಿನ್ಯಾಗ ಡೀಸೆಲ್, ಟ್ರ್ಯಾಕ್ಟರ್ ಕಂತು, ಗ್ಯಾಂಗಿನವರ ಉಚಲು, ಎಲ್ಲಾ ಹುಟ್ಟಬೇಕು. ಕಮ್ಮಿ ಹೇರಿದ್ರ ಡೀಸೆಲ್ ರೊಕ್ಕಾನೂ ಹುಟ್ಟಂಗಿಲ್ಲ." ಇದರಲ್ಲಿ ಸುಳ್ಳೇನಿದೆ? ಪಾಳಿಯಲ್ಲಿ ಕಾಯುವ ಹೊತ್ತಿಗೆ ಬೆಲೆ ಇಲ್ಲ, ಟನ್ನಿಗೆ ಮಾತ್ರ ಬೆಲೆ. ಅವನು ಟನ್ನನ್ನೇ ಹೆಚ್ಚಿಸುತ್ತಾನೆ. ಕಡಿಯುವ ಗ್ಯಾಂಗಿಗೂ ಟನ್ನಿನ ಲೆಕ್ಕದಲ್ಲೇ ಕೂಲಿ. ಕಟಾವು ಮತ್ತು ಸಾಗಾಟದ ಖರ್ಚು ಕಡೆಗೆ ಮುರಿದುಕೊಳ್ಳುವುದು ರೈತನ ಬಿಲ್ಲಿನಲ್ಲಿ. ಸಾಗಾಟ ಅಗ್ಗವಾದರೆ ರೈತನಿಗೂ ನಾಲ್ಕು ಕಾಸು ಉಳಿಯುತ್ತದೆ. ಹೀಗೆ ಎಲ್ಲರ ಲೆಕ್ಕವೂ ಸರಿಯಾಗಿದೆ. ರಸ್ತೆಯೊಂದಕ್ಕೆ ಮಾತ್ರ ಬಿಲ್ ಬರೆಯಲು ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 114ನೇ ಕಲಂ ಪ್ರಕಾರ ಹೆಚ್ಚಿನ ಭಾರದ ಗಾಡಿಯನ್ನು ತೂಗಿ ನೋಡಬಹುದು, ಹೆಚ್ಚಿದ್ದನ್ನು ಅಲ್ಲೇ ಇಳಿಸಬಹುದು. ದಂಡ ಕಟ್ಟಿಸಿಕೊಂಡು ಅದೇ ಭಾರದಲ್ಲಿ ಮುಂದೆ ಬಿಡುವ ಪದ್ಧತಿಯನ್ನು 2005ರಲ್ಲಿ ಸುಪ್ರೀಂ ಕೋರ್ಟು ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸಾಫ್ ತಪ್ಪು ಎಂದಿತು. 2019ರ ತಿದ್ದುಪಡಿಯಲ್ಲಿ ದಂಡ ಎರಡು ಸಾವಿರದಿಂದ ಇಪ್ಪತ್ತು ಸಾವಿರಕ್ಕೆ ಏರಿತು, ಹೆಚ್ಚಿನ ಪ್ರತಿ ಟನ್ನಿಗೆ ಒಂದು ಸಾವಿರವಿದ್ದದ್ದು ಎರಡು ಸಾವಿರವಾಯಿತು. ಪುಸ್ತಕದಲ್ಲಿ ಇಷ್ಟು ಬಿಗಿಯಾದ ಕಾನೂನು ರಸ್ತೆಯ ಮೇಲೆ ಕಾಣದೆ ಇರುವುದಕ್ಕೆ ಅಧಿಕಾರಿಗಳು ಹೇಳುವ ಕಾರಣ ಒಂದೇ: ಎಲ್ಲ ಕಡೆ ತೂಗಲು ಕಾಟಾ ಎಲ್ಲಿದೆ, ಸಿಬ್ಬಂದಿ ಎಲ್ಲಿದ್ದಾರೆ?

2018ರ ಹೆಚ್ಚಳದ ಪರವಾಗಿ ಆಗ ಹೇಳಿದ್ದೂ ಇದನ್ನೇ ಸುತ್ತಿಕೊಂಡ ಮಾತು. ಹೇಗೂ ಹೆಚ್ಚು ಹೇರುತ್ತಾರೆ, ಮಿತಿಯನ್ನೇ ಏರಿಸಿದರೆ ಕಾನೂನಿನೊಳಗೆ ಬರುತ್ತಾರೆ, ಸಾಗಿಸುವ ಸಾಮರ್ಥ್ಯ ಶೇ 20–25 ಹೆಚ್ಚುತ್ತದೆ, ಸಾಗಾಟ ಅಗ್ಗವಾಗುತ್ತದೆ. ಹೆದ್ದಾರಿಯ ಮಟ್ಟಿಗೆ ನಾನು ಒಪ್ಪುತ್ತೇನೆ. ಇಂಡಿಯ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ನಿಂಬೆ ದೂರದ ಮಾರುಕಟ್ಟೆಗೆ ಅಗ್ಗದ ಬಾಡಿಗೆಯಲ್ಲಿ ಹೋಗಲಿ. 1876ರಲ್ಲಿ ಸೊಲ್ಲಾಪುರದಲ್ಲಿ ಕಾಳಿದ್ದೂ ಇಲ್ಲಿ ತಾಟು ಖಾಲಿ ಇದ್ದ ಊರು ಇದು. ಭಾರ ಬೇಡ ಎನ್ನುವ ಹಕ್ಕು ನಮಗಿಲ್ಲ. ಆದರೆ ಮಿತಿ ಏರಿದ್ದು ಹೆದ್ದಾರಿಗೆ ಮಾತ್ರವಲ್ಲ, ಅದೇ ಅಚ್ಚು ಅದೇ ಭಾರದಲ್ಲಿ ಕೊರವಾರ ಕಡೆಯ ಹೊಲದ ದಾರಿಗೂ ಇಳಿಯುತ್ತದೆ. ಆ ದಾರಿಯನ್ನು ರಿಪೇರಿ ಮಾಡಬೇಕಾದ ದುಡ್ಡು ಬರುವುದು ಲೋಕೋಪಯೋಗಿ ಇಲಾಖೆಯ, ಪಂಚಾಯತ್‌ರಾಜ್ ಇಲಾಖೆಯ ಬಡ ಖಾತೆಯಿಂದ.

ಇನ್ನು ಕಾಟಾ ಇಲ್ಲ ಎಂಬ ಮಾತು. ರಸ್ತೆಯ ಬದಿಗೆ ಇಲ್ಲದೆ ಇರಬಹುದು. ಪ್ರತಿಯೊಂದು ಸಕ್ಕರೆ ಕಾರ್ಖಾನೆಯ ಗೇಟಿನೊಳಗೆ ಇದೆ. ಅಲ್ಲಿ ತೂಗದೆ ಒಂದು ಗಣಿಕೆಯೂ ಒಳಗೆ ಹೋಗುವುದಿಲ್ಲ. ಯಾಕೆಂದರೆ ರೈತನ ದುಡ್ಡು, ಗ್ಯಾಂಗಿನ ಕೂಲಿ, ಟ್ರ್ಯಾಕ್ಟರಿನ ಬಾಡಿಗೆ, ಮೂರೂ ಆ ತೂಕದ ಮೇಲೆ ನಿಂತಿವೆ. ತೂಕದಲ್ಲಿ ಹತ್ತು ಕಿಲೋ ಹೆಚ್ಚುಕಡಿಮೆಯಾದರೂ ರೈತರು ಜಗಳಕ್ಕೆ ನಿಲ್ಲುತ್ತಾರೆ, ನಿಲ್ಲಲೂ ಬೇಕು. ಕಂಪ್ಯೂಟರಿನಿಂದ ಚೀಟಿ ಬರುತ್ತದೆ. ಗಾಡಿಯ ನಂಬರು, ಬಂದ ಹೊತ್ತು, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಉಳಿದ ಕಬ್ಬಿನ ತೂಕ. ಹೇರಿಗೆ ಇಷ್ಟು ಎಂದು ಕಲ್ಲಿನ ಮೇಲೆ ಬರೆಸುತ್ತಿದ್ದ ಕಾಲದವರಿಗೆ ಇಂಥ ಚೀಟಿ ಸಿಕ್ಕಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಈ ಸೀಮೆಯ ರಸ್ತೆಗಳ ಮೇಲೆ ಓಡಿದ ಭಾರದ ಇದಕ್ಕಿಂತ ಖಚಿತವಾದ ದಫ್ತರ ಬೇರೆ ಎಲ್ಲೂ ಇಲ್ಲ. ಹಂಗಾಮಿನ ಉದ್ದಕ್ಕೂ, ಹಗಲೂ ರಾತ್ರಿ, ಕಿಲೋದ ಲೆಕ್ಕದಲ್ಲಿ ಬರೆದಿಟ್ಟದ್ದು. ಆ ಚೀಟಿಯ ಒಂದು ಪ್ರತಿ ರೈತನಿಗೆ ಹೋಗುತ್ತದೆ, ಒಂದು ಗಾಡಿಯವನಿಗೆ ಹೋಗುತ್ತದೆ, ಒಂದು ಕಾರ್ಖಾನೆಯಲ್ಲಿ ಉಳಿಯುತ್ತದೆ. ರಸ್ತೆ ರಿಪೇರಿ ಮಾಡುವ ಇಲಾಖೆಗೆ ಒಂದೂ ಹೋಗುವುದಿಲ್ಲ.